ಅಬ್ಬಾ ಮತ್ತು ಅಡೇಂಗಪ್ಪಾ: ಕೊಂಗುನಾಡಿನ ಕನ್ನಡ ಮನೆಗಳ ಬೆರಗಿನ ನುಡಿಗಳು

1. ಪ್ರಸ್ತಾವನೆ

ನುಡಿಯೊಂದರ ಅಳಿವು ಉಳಿವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ನಂಬಿಕೊಂಡು ಬಂದಿರುವ ಒಂದು ಮಾತಿದೆ: ಮನುಷ್ಯನು ಬೆಚ್ಚಿದಾಗ, ನೊಂದಾಗ, ಬೆರಗಾದಾಗ ಅವನ ಬಾಯಿಂದ ಹೊರಡುವ ಮೊದಲ ಶಬ್ದವೇ ಅವನ ನಿಜವಾದ ತಾಯ್ನುಡಿ. ಈ ನಂಬಿಕೆಯನ್ನು ಒಪ್ಪಿಕೊಂಡರೆ, ಉಡುಮಲೈಪೇಟೆಯ ಕನ್ನಡ ಮನೆಯೊಂದರಲ್ಲಿ ಯಾರಾದರೂ 'ಅಡೇಂಗಪ್ಪಾ' ಎಂದು ಉದ್ಗರಿಸಿದ ಕೂಡಲೇ ಅಲ್ಲಿನ ಕನ್ನಡ ಮುಗಿಯಿತೆಂದು ಬರೆದುಕೊಳ್ಳಬೇಕಾಗುತ್ತದೆ. ತಮಿಳುನಾಡಿನ ಕನ್ನಡವನ್ನು ಹೊರಗಿನಿಂದ ಕೇಳುವವರು ಅದನ್ನು ಬೆರಕೆ ನುಡಿಯೆಂದು ಬದಿಗಿಡಲು ಇಂತಹ ಸಣ್ಣ ಶಬ್ದಗಳೇ ಅನೇಕ ವೇಳೆ ಕಾರಣವಾಗುತ್ತವೆ.

ಬೆರಗಿನ ನುಡಿಗಳ ಅರ್ಥವನ್ನೂ ಮೂಲವನ್ನೂ ಪರಿಶೀಲಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಉದ್ಗಾರವು ನುಡಿಯಿಂದ ನುಡಿಗೆ ಅತ್ಯಂತ ಸುಲಭವಾಗಿ ದಾಟುವ ಶಬ್ದ; ಆದರೆ ಅದರ ಹಿಂದೆ ಬರುವ ವಾಕ್ಯದ ತುದಿ ಅಷ್ಟು ಸುಲಭವಾಗಿ ದಾಟುವುದಿಲ್ಲ. ಬೆರಗಿನಲ್ಲಿ ಒಂದು ನುಡಿಯ ಜೀವವನ್ನು ಹುಡುಕುವವರು ವಾಕ್ಯದ ತಲೆಯನ್ನಲ್ಲ, ಬಾಲವನ್ನು ಕೇಳಬೇಕು. ಕೊಂಗುನಾಡಿನ ಕನ್ನಡವನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸ್ಥಳ ಮತ್ತು ಜನ

ಆನೆಮಲೆಯ ಉತ್ತರದ ತಪ್ಪಲಿನಲ್ಲಿರುವ ಉಡುಮಲೈಪೇಟೆಯು ಬಹುಕಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. ಊರಿನ ನುಡಿ ಕೊಂಗು ತಮಿಳು. ಅದರ ಮಗ್ಗುಲಲ್ಲಿ ತೆಲುಗನ್ನೂ ಕನ್ನಡವನ್ನೂ ಮನೆಮಾತಾಗಿ ಉಳಿಸಿಕೊಂಡ ಸಮುದಾಯಗಳಿವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳು ನೇಕಾರ ದೇವಾಂಗರನ್ನು ತೆಲುಗು ಅಥವಾ ಕನ್ನಡ ಆಡುವವರೆಂದೂ, ಮಧುರೆ, ತಿರುನೆಲ್ವೇಲಿ, ಕೊಯಮತ್ತೂರು ಜಿಲ್ಲೆಗಳ ಅನುಪ್ಪರನ್ನು ಕನ್ನಡದ ಬೇಸಾಯಗಾರರೆಂದೂ ಗುರುತಿಸಿವೆ. ಈ ಮನೆಗಳಲ್ಲಿ ಕನ್ನಡವು ಮುಖ್ಯವಾಗಿ ಕಿವಿಯಿಂದ ಕಿವಿಗೆ ಸಾಗಿಬಂದ ನುಡಿ; ಶಾಲೆ, ಅಂಗಡಿ, ಕಚೇರಿಗಳ ಬರವಣಿಗೆ ತಮಿಳಿನದು.

ಕನ್ನಡದ ಆಡಳಿತಕ್ಕೂ ಈ ನೆಲಕ್ಕೂ ಇದ್ದ ನಂಟು ಸಣ್ಣದಲ್ಲ. ಟಿಪ್ಪುವಿನ ಪತನದವರೆಗೆ, ಎಂದರೆ 1799ರವರೆಗೆ, ಕೊಯಮತ್ತೂರು ಪ್ರಾಂತ ಮೈಸೂರಿನ ಆಳ್ವಿಕೆಯಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ತಾಲೂಕುಗಳಲ್ಲೊಂದಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಕೊಳ್ಳೇಗಾಲಕ್ಕೂ ಉಡುಮಲೈಪೇಟೆಗೂ ಒಬ್ಬನೇ ಜಿಲ್ಲಾಧಿಕಾರಿ. ಆದುದರಿಂದ ಇಲ್ಲಿನ ಕನ್ನಡವನ್ನು ಎಲ್ಲಿಂದಲೋ ಬಂದು ಸಿಕ್ಕಿಕೊಂಡ ತುಣುಕೆಂದು ಭಾವಿಸುವುದು ಸರಿಯಲ್ಲ. ಎರಡು ಮೂರು ನುಡಿಗಳು ಬಹುಕಾಲ ಒಂದೇ ಸಂತೆಯಲ್ಲಿ ವ್ಯವಹರಿಸಿದ ನೆಲವಿದು.

3. ಕರೆಯುವ ಮಾತೇ ಬೆರಗಿನ ಮಾತು

ಕೇಶಿರಾಜನ ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಕೊನೆಯದು ಅವ್ಯಯ ಪ್ರಕರಣ. ಶಾಲಾ ವ್ಯಾಕರಣಗಳು ಅಬ್ಬಾ, ಅಯ್ಯೋ, ಆಹಾ, ಭಲೇ ಮುಂತಾದವನ್ನು 'ಭಾವಸೂಚಕಾವ್ಯಯ'ಗಳೆಂದು ಅವ್ಯಯಗಳ ಸಾಲಿನಲ್ಲಿಯೇ ಸೇರಿಸುತ್ತವೆ. ಲಿಂಗ, ವಚನ, ವಿಭಕ್ತಿಗಳನ್ನು ಹೊಂದದ ಕಾರಣ ಅವು ಅವ್ಯಯಗಳು. ಆದರೆ ಅವುಗಳ ಹುಟ್ಟನ್ನು ನೋಡಿದರೆ ಬಹುಪಾಲು ಒಂದು ಕಾಲದಲ್ಲಿ ನಾಮಪದಗಳೇ ಆಗಿದ್ದವು. 'ಅಯ್ಯೋ' ಎಂಬುದು 'ಅಯ್ಯ'ನ ಸಂಬೋಧನೆ. 'ಅಮ್ಮಾ', 'ಅಪ್ಪಾ'ಗಳು ತಂದೆತಾಯಿಯರ ಕರೆ. 'ಅಬ್ಬಾ'ವನ್ನು ಅದೇ ಮನೆತನಕ್ಕೆ ಸೇರಿಸಲು ಅಡ್ಡಿಯಿಲ್ಲ. ತೆಲುಗಿನಲ್ಲಿಯೂ 'ಅಬ್ಬ' ಎಂಬುದು ತಂದೆಗೆ ಹೇಳುವ ಮಾತೂ ಹೌದು, ಬೆರಗಿನ ಮಾತೂ ಹೌದು. ಉತ್ತರ ಕರ್ನಾಟಕದ 'ಯಪ್ಪಾ', 'ಯವ್ವಾ'ಗಳಲ್ಲಿ ಕರೆ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ತೆಲುಗಿನ 'ಅಮ್ಮೋ' ಇದೇ ಜಾಡಿನದು. ದ್ರಾವಿಡದ ಆಚೆಗೂ ಈ ಪದ್ಧತಿ ಹಬ್ಬಿದೆ: ಮರಾಠಿಯ 'ಬಾಪ್‌ರೇ' ಎಂಬುದರಲ್ಲಿಯೂ ಇರುವವನು ತಂದೆಯೇ.

ಬೆರಗು ಎಂದರೆ ಮನಸ್ಸಿನ ಅಳತೆಗೆ ಮೀರಿದ್ದೊಂದು ಎದುರಾದ ಗಳಿಗೆ. ಆ ಗಳಿಗೆಯಲ್ಲಿ ಕಾಯುವವರನ್ನು ಕರೆಯುವುದು ಸಹಜ. ಹೀಗಾಗಿ ನೋವು, ಭಯ, ಬೆರಗು, ಬಳಲಿಕೆ ಇವೆಲ್ಲಕ್ಕೂ ಒಂದೇ ಶಬ್ದ ಸಲ್ಲುತ್ತದೆ. ಯಾವುದೆಂದು ತಿಳಿಸುವುದು ದನಿಯ ಏರಿಳಿತ ಮಾತ್ರ. ಬಿಡುವಿನ ಉಸಿರಿಗೆ ಕನ್ನಡದಲ್ಲಿ 'ಉಸ್ಸಪ್ಪಾ', ತಮಿಳಿನಲ್ಲಿ 'ಅಪ್ಪಾಡಾ', ಅಲ್ಲಿಯೂ ಅಪ್ಪನೇ.

ತಮಿಳಿನ 'ಅಡೇಂಗಪ್ಪಾ'ವನ್ನು ಬಿಡಿಸಿದರೆ ಮೂರು ತುಂಡುಗಳು ದೊರೆಯುತ್ತವೆ: 'ಅಡೇ' ಎಂಬ ಕರೆ, 'ಎಂಗ' ಎಂಬ ಸಂಬಂಧವಾಚಕ, 'ಅಪ್ಪಾ' ಎಂಬ ಸಂಬೋಧನೆ. 'ಅಡೇಯೆಂಗಪ್ಪಾ' ಎಂಬ ಬಿಡಿಯಾದ ರೂಪವೂ ಬಳಕೆಯಲ್ಲಿದೆ. 'ಎಂಗಳ್' ಎಂಬುದು ಕೇಳುಗನನ್ನು ಹೊರಗಿಟ್ಟ 'ನಮ್ಮ'. ಎಂದರೆ, ನಿಮ್ಮದಲ್ಲ, ನಮ್ಮ ಮನೆಯ ಅಪ್ಪ. ಹಳಗನ್ನಡದಲ್ಲಿ 'ಎಮ್ಮ', 'ನಮ್ಮ' ಎರಡೂ ಇದ್ದವು. ಇಂದಿನ ಆಡುಮಾತಿನಲ್ಲಿ ಉಳಿದದ್ದು 'ನಮ್ಮ' ಒಂದೇ. ಆದುದರಿಂದ 'ಅಯ್ಯೋ ನಮ್ಮಪ್ಪಾ' ಎಂಬ ಕನ್ನಡದ ಉದ್ಗಾರ ತಮಿಳಿನ ರೂಪಕ್ಕೆ ರಚನೆಯಲ್ಲಿ ಸರಿಜೋಡಿಯಾದರೂ ಆ ಸೂಕ್ಷ್ಮ ಅದರಲ್ಲಿ ಕೇಳಿಸುವುದಿಲ್ಲ.

ಇನ್ನೊಂದು ಗುಂಪು ಬಂಧುವಾಚಕಗಳಿಂದಲ್ಲ, ಬರಿಯ ಕರೆಗಳಿಂದ ಹುಟ್ಟಿದ್ದು. ಕನ್ನಡದ 'ಎಲೆ', 'ಎಲಾ', 'ಎಲೋ'ಗಳೂ, ಸಂಸ್ಕೃತದ ಕರೆಯಿಂದ ಬಂದ 'ಅರೆ', 'ಅರೆರೆ'ಗಳೂ, ತಮಿಳಿನ 'ಅಡ', 'ಅಡಡಾ', 'ಅಡೇ'ಗಳೂ ಈ ಗುಂಪಿಗೆ ಸೇರುತ್ತವೆ. ಇವು ಮೂಲತಃ ಕಿರಿಯರನ್ನು, ಸಲುಗೆಯವರನ್ನು ಕರೆಯುವ ಶಬ್ದಗಳು. ತಮಿಳಿನಲ್ಲಿ ವಾಕ್ಯದ ಕೊನೆಗೆ ಬರುವ 'ಡಾ' ಇಂದಿಗೂ ಹಾಗೆಯೇ ಇದೆ. ಹಿರಿಯರೆದುರು ಅದನ್ನು ಆಡುವಂತಿಲ್ಲ. ಆದರೆ ವಾಕ್ಯದ ಮೊದಲಿಗೆ ಬರುವ 'ಅಡಡಾ' ತನ್ನ ಸಲುಗೆಯನ್ನು ಪೂರ್ತಿ ಕಳೆದುಕೊಂಡಿದೆ. ಮನೆಗೆ ಬಂದ ಹಿರಿಯ ಅತಿಥಿಯನ್ನು 'ಅಡಡಾ, ವಾಂಗ ವಾಂಗ' ಎಂದೇ ಎದುರುಗೊಳ್ಳುವುದುಂಟು. ಕರೆಯು ಉದ್ಗಾರವಾದಾಗ ಅದರಲ್ಲಿದ್ದ ಕೇಳುಗನು ಮಾಯವಾಗುತ್ತಾನೆ. ಅವನ ಜೊತೆಗೆ ಏಕವಚನ ಬಹುವಚನಗಳ ತೊಡಕೂ ಮಾಯವಾಗುತ್ತದೆ. ಇಂತಹ ಶಬ್ದವನ್ನು ಮತ್ತೊಂದು ನುಡಿಯವರು ಎತ್ತಿಕೊಳ್ಳಲು ಸಂಕೋಚಪಡಬೇಕಾದ್ದಿಲ್ಲ. ಕನ್ನಡದ 'ಎಲಾ' ಅಷ್ಟು ದೂರ ಸಾಗಿಲ್ಲ. 'ಎಲಾ ಇವನಾ!' ಎಂಬಲ್ಲಿ ಬೆರಗಿನ ಜೊತೆಗೆ ಒಂದಿಷ್ಟು ಸಿಟ್ಟೂ ಮೆಚ್ಚುಗೆಯೂ ಇನ್ನೂ ಅಂಟಿಕೊಂಡಿವೆ. ಅದನ್ನು ಅತಿಥಿಯ ಮುಂದೆ ಆಡಲಾಗದು.

4. ಇಂಗ್ಲಿಷಿನ ಪ್ರಾಂತೀಯ ಉದ್ಗಾರಗಳೊಡನೆ ಹೋಲಿಕೆ

ಉದ್ಗಾರಗಳ ಮೂಲ ಎಲ್ಲೆಡೆಯೂ ಒಂದೇ ಬಗೆಯದಲ್ಲ ಎಂಬುದನ್ನು ಇಂಗ್ಲಿಷಿನ ಉದಾಹರಣೆಗಳು ತೋರಿಸುತ್ತವೆ. ಆ ನುಡಿಯ ಬಹುಪಾಲು ಬೆರಗಿನ ಶಬ್ದಗಳು ದೇವರ ಹೆಸರನ್ನು ಆಡದಿರುವ ಎಚ್ಚರದಿಂದ ಹುಟ್ಟಿದವು. ದೇವರ ಹೆಸರನ್ನು ವೃಥಾ ಎತ್ತಬಾರದೆಂಬ ಬೈಬಲಿನ ಕಟ್ಟಳೆ ಒಂದು ಕಡೆ; ನಾಟಕದ ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಬಳಸುವುದನ್ನು ನಿಷೇಧಿಸಿದ 1606ರ ಇಂಗ್ಲೆಂಡಿನ ಕಾನೂನು ಇನ್ನೊಂದು ಕಡೆ. ಹೀಗಾಗಿ ದೇವರ ಹೆಸರು ತುಟಿಯಲ್ಲೇ ತಿರುಚಿಕೊಂಡು 'ಗಾಷ್', 'ಗಾಲಿ' ಆಯಿತು. ಕ್ರಿಸ್ತನ ಹೆಸರು 'ಕ್ರೈಕಿ' ಆಯಿತು. ದೇವರು ನನ್ನ ಕಣ್ಣು ಕಳೆಯಲಿ ಎಂಬ ಆಣೆ ಸವೆದು 'ಬ್ಲೈಮಿ' ಆಯಿತು. ಅದೇ ಆಣೆಯನ್ನು ಅರ್ಧದಲ್ಲಿ ನುಂಗಿ 'ಗಾರ್ಡನ್ ಬೆನೆಟ್' ಎಂದು ಮುಗಿಸುವ ರೂಢಿಯೂ ಇಂಗ್ಲೆಂಡಿನಲ್ಲಿದೆ. ಆ ಹೆಸರನ್ನು ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಒಡೆಯ, 1841ರಿಂದ 1918ರ ತನಕ ಬದುಕಿದ್ದ ಜೇಮ್ಸ್ ಗಾರ್ಡನ್ ಬೆನೆಟ್ಟನದೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಇಂಗ್ಲೆಂಡಿನ ಉತ್ತರ ಮತ್ತು ನಡುನಾಡಿನವರು ತೀರ ಬೆರಗಾದಾಗ, ಸರಿ, ಇನ್ನು ನಾನು ನಮ್ಮ ಮನೆಯ ಮೆಟ್ಟಿಲ ಬುಡಕ್ಕೆ ಹೋಗುತ್ತೇನೆ ಎಂಬರ್ಥದ ಮಾತನ್ನು ಆಡುತ್ತಾರೆ. ಮೆಟ್ಟಿಲಿಗೂ ಬೆರಗಿಗೂ ಅರ್ಥದ ಸಂಬಂಧವೇನೂ ಇಲ್ಲ; ಹೇಳಲು ಮಾತೇ ಉಳಿಯದಿದ್ದಾಗ ಆಡುವ ಮಾತದು. ಇಲ್ಲಿ ಗಮನಿಸತಕ್ಕದ್ದು 'ನಮ್ಮ' ಎಂಬ ಪದ. ಆ ಸೀಮೆಯ ಇಂಗ್ಲಿಷಿನಲ್ಲಿ ಅಣ್ಣತಮ್ಮಂದಿರನ್ನೂ ಮನೆಯ ಮಕ್ಕಳನ್ನೂ 'ನಮ್ಮ' ಎಂದು ಸೇರಿಸಿಯೇ ಹೆಸರಿಸುತ್ತಾರೆ. ಬೆರಗಾದಾಗ ಮನೆಯ ಕಡೆಗೆ ತಿರುಗುವುದು ಅಲ್ಲಿಯೂ ಇದೆ ಎಂದಾಯಿತು.

ನಮ್ಮಲ್ಲಿ ದೇವರ ಹೆಸರಿಗೆ ಅಂತಹ ತಡೆಯಿಲ್ಲ. 'ಶಿವ ಶಿವಾ', 'ರಾಮ ರಾಮಾ', 'ದೇವರೇ' ಎಂದು ಎತ್ತಿದ ಹೆಸರು ಪಾಪವಲ್ಲ, ಸ್ಮರಣೆ. ನಮ್ಮ ತಡೆ ಇರುವುದು ಹಿರಿಯರ ಹೆಸರಿಗೆ. ಹಿಂದೆ ಹೆಣ್ಣುಮಕ್ಕಳು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೆರಗಿನಲ್ಲಿಯೂ ನಾವು ಕರೆಯುವುದು ಅಪ್ಪನನ್ನೇ ಹೊರತು ಅಪ್ಪನ ಹೆಸರನ್ನಲ್ಲ.

ಈ ಶಬ್ದಗಳು ಎಷ್ಟು ಹಗುರವಾಗಿ ಗಡಿ ದಾಟುತ್ತವೆ ಎಂಬುದಕ್ಕೆ ದಕ್ಷಿಣ ಭಾರತ ಮತ್ತು ಶ್ರೀಲಂಕೆಗಳ ಇಂಗ್ಲಿಷಿನಲ್ಲಿ ನೆಲೆಯೂರಿದ 'ಅಯ್ಯೋ' 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಸೇರಿದ್ದೇ ಸಾಕ್ಷಿ. 'ಅಯ್ಯೋ' ಎಂದ ಮಾತ್ರಕ್ಕೆ ಆ ಇಂಗ್ಲಿಷ್ ಮಾತುಗಾರನು ಇಂಗ್ಲಿಷನ್ನು ಬಿಟ್ಟನೆಂದು ಯಾರೂ ಹೇಳುವುದಿಲ್ಲ. ಅದೇ ನ್ಯಾಯ ಕೊಂಗುನಾಡಿನ ಕನ್ನಡಕ್ಕೂ ಸಲ್ಲಬೇಕು.

5. ಬೆರಗಿನ ನಾಲ್ಕು ನೆಲೆಗಳು

ಸಂಸ್ಕೃತ ಕಾವ್ಯಶಾಸ್ತ್ರ ಅದ್ಭುತರಸಕ್ಕೆ ವಿಸ್ಮಯವೆಂಬ ಒಂದೇ ಸ್ಥಾಯಿಯನ್ನು ಹೇಳಿ ಮುಂದೆ ಸಾಗುತ್ತದೆ. ತಮಿಳಿನ ತೊಲ್ಕಾಪ್ಪಿಯಮ್ ತನ್ನ ಮೆಯ್‌ಪ್ಪಾಟ್ಟಿಯಲ್ ಭಾಗದಲ್ಲಿ ಬೆರಗು ಹುಟ್ಟುವ ನಾಲ್ಕು ನೆಲೆಗಳನ್ನು ಬಿಡಿಸಿ ಹೇಳುತ್ತದೆ: ಹೊಸತು, ಹಿರಿದು, ಕಿರಿದು, ಒಂದು ಮತ್ತೊಂದಾಗುವುದು. ಈ ವಿಂಗಡಣೆ ಇಂದಿನ ಆಡುಮಾತಿನ ವಿವರಣೆಗೂ ಒದಗಿಬರುತ್ತದೆ.

ಕನ್ನಡದಲ್ಲಿ ಹೊಸತಿಗೆ, ಎಂದರೆ ನಿರೀಕ್ಷೆಯಿಲ್ಲದೆ ಎದುರಾದುದಕ್ಕೆ, 'ಅರೆ' ಒಗ್ಗುತ್ತದೆ: 'ಅರೆ, ನೀವಿಲ್ಲಿ!' ಹಿರಿದಕ್ಕೆ 'ಅಬ್ಬಾ': 'ಅಬ್ಬಾ, ಎಷ್ಟು ಎತ್ತರ!' ಕಿರಿದಕ್ಕೆ 'ಅಯ್ಯೋ': 'ಅಯ್ಯೋ, ಇಷ್ಟೇನಾ!' ಒಂದು ಮತ್ತೊಂದಾದುದಕ್ಕೆ, ಮುಖ್ಯವಾಗಿ ಮನುಷ್ಯನ ಜಾಣತನ ಬೇರೊಂದು ರೂಪ ತಾಳಿದ್ದಕ್ಕೆ, 'ಎಲಾ'. ಗಡಿಗಳು ಗಟ್ಟಿಯಲ್ಲ. ಆದರೂ ಎತ್ತರದ ಗೋಪುರವನ್ನು ಕಂಡವನು 'ಎಲಾ' ಎನ್ನುವುದಿಲ್ಲ, ಅನಿರೀಕ್ಷಿತವಾಗಿ ಎದುರಾದ ಗೆಳೆಯನಿಗೆ 'ಅಬ್ಬಾ' ಎಂದರೆ ಬೇರೇನೋ ಧ್ವನಿಸುತ್ತದೆ. ತಮಿಳಿನಲ್ಲಿ 'ಅರೆ'ಯ ಜಾಗದಲ್ಲಿ 'ಅಡ' ಇದೆ, 'ಅಬ್ಬಾ'ದ ಜಾಗದಲ್ಲಿ 'ಅಡೇಂಗಪ್ಪಾ' ಇದೆ. ಎರಡು ನುಡಿಗಳನ್ನೂ ದಿನವಿಡೀ ಆಡುವ ಮನೆಯಲ್ಲಿ ಒಂದರ ಶಬ್ದ ಇನ್ನೊಂದರ ಜಾಗದಲ್ಲಿ ಕುಳಿತುಕೊಂಡರೆ ಜಾಗಗಳ ವ್ಯವಸ್ಥೆ ಕದಲುವುದಿಲ್ಲ. ಗೂಡು ಹಳೆಯದು, ಹಕ್ಕಿ ಹೊಸದು.

ಕನ್ನಡವೇನೂ ಈ ವಿಷಯದಲ್ಲಿ ಮಡಿಯಾಗಿ ಉಳಿದ ನುಡಿಯಲ್ಲ. 'ಶಾಭಾಸ್' ಪಾರಸಿಯ ಹರಕೆಯ ಮಾತು, ಸಂತೋಷವಾಗಿರು ಎಂದರ್ಥ. 'ದಂಗಾದ' ಎಂಬಲ್ಲಿನ 'ದಂಗು' ಕೂಡ ಪಾರಸಿಯದೇ. 'ಅಚ್ಚರಿ' ಪ್ರಾಕೃತದ ದಾರಿಯಿಂದ ಬಂದ 'ಆಶ್ಚರ್ಯ'. ಇವುಗಳಿಂದ ಮೈಸೂರಿನ ಕನ್ನಡಕ್ಕೆ ಬಾರದ ಕಳಂಕ 'ಅಡೇಂಗಪ್ಪಾ' ಒಂದರಿಂದ ಉಡುಮಲೈಪೇಟೆಯ ಕನ್ನಡಕ್ಕೆ ಏಕೆ ಬರಬೇಕು?

ಶಬ್ದಗಳಾಚೆಗೆ ಮೈಯ ನುಡಿಯೂ ಇದೆ. ಮೂಗಿನ ಮೇಲೆ ಬೆರಳಿಡುವುದು ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಬೆರಗಿನ ನುಡಿಗಟ್ಟು. ಮೂರು ನುಡಿಗಳವರೂ ಕಂಡ, ಮಾಡಿದ ಅಭಿನಯವೊಂದು ಮೂರರಲ್ಲಿಯೂ ಮಾತಾಗಿ ನಿಂತಿದೆ. ಇಂತಹ ನುಡಿಗಟ್ಟನ್ನು ಯಾವುದೋ ಒಂದು ನುಡಿಯ ಸೊತ್ತೆಂದು ಹಂಚಿಕೊಡಲು ಬರುವುದಿಲ್ಲ.

6. ದಾಟುವ ತಲೆ, ನಿಲ್ಲುವ ಬಾಲ

ನುಡಿಸಂಪರ್ಕದ ಅಧ್ಯಯನಗಳು ಈ ವಿಷಯದಲ್ಲಿ ಬಹುಕಾಲದಿಂದ ಒಂದೇ ದಿಕ್ಕನ್ನು ತೋರಿಸುತ್ತಿವೆ. ಊರಿಯೆಲ್ ವೈನ್‌ರೈಕ್ 1953ರಲ್ಲಿಯೇ, ವಾಕ್ಯದ ಕಟ್ಟಿಗೆ ಸೇರದೆ ಬಿಡಿಯಾಗಿ ನಿಲ್ಲುವ ಉದ್ಗಾರಗಳು ಅತಿ ಸರಾಗವಾಗಿ ಎರವಲಾಗುತ್ತವೆ ಎಂದು ಗುರುತಿಸಿದ್ದರು. ಯಾರೊನ್ ಮಾತ್ರಾಸ್ 1998ರಲ್ಲಿ, ಮಾತಿನ ನಡೆಯನ್ನು ನಿರ್ವಹಿಸುವ ಇಂತಹ ಸಣ್ಣ ಶಬ್ದಗಳಲ್ಲಿ ದ್ವಿಭಾಷಿಕನು ಎರಡು ನುಡಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವ ಶ್ರಮವನ್ನು ಬಿಟ್ಟು, ಬಲಿಷ್ಠವಾದ ನುಡಿಯ ಶಬ್ದವನ್ನೇ ಎರಡಕ್ಕೂ ಬಳಸತೊಡಗುತ್ತಾನೆ ಎಂದು ವಿವರಿಸಿದರು. ಬೆರಗಿನ ಗಳಿಗೆ ಯೋಚನೆಗೆ ಎಡೆಯಿಲ್ಲದ ಗಳಿಗೆ. ಆದ್ದರಿಂದಲೇ ಅಲ್ಲಿ ಬರುವುದು ಅತ್ಯಂತ ಆಳದ ನುಡಿಯಲ್ಲ, ಅತ್ಯಂತ ಕೈಗೆಟುಕುವ ನುಡಿ.

ಕೂಗು ಮತ್ತು ಮನೆಮಾತುಗಳು ಬೇರೆಬೇರೆಯಾಗಿ ನಿಲ್ಲಬಲ್ಲವು ಎಂಬುದಕ್ಕೆ ದೇವಾಂಗರ ಆಚರಣೆಯಲ್ಲಿಯೇ ನಿದರ್ಶನವಿದೆ. ಕೊಂಗುನಾಡಿನ ಚೌಡೇಶ್ವರಿ ಹಬ್ಬಗಳ ಅಲಗುಸೇವೆಯಲ್ಲಿ ಕೇಳಿಬರುವ 'ತೀಸುಕೋ ತಾಯೇ' ಎಂಬ ಕೂಗಿನ ಕ್ರಿಯಾಪದ ತೆಲುಗಿನದು, ತೆಗೆದುಕೋ ಎಂದರ್ಥ. ಮನೆಯಲ್ಲಿ ಕನ್ನಡವಾಡುವವರ ಬಾಯಲ್ಲಿಯೂ ಆ ಕೂಗು ಸಹಜವಾಗಿ ಬರುತ್ತದೆ.

ಹಾಗಾದರೆ ಬೆರಗು ನುಡಿಯಲ್ಲಿ ಬೇರೂರಿರುವುದೆಲ್ಲಿ? ನಿರೀಕ್ಷಿಸದ ಸಂಗತಿಯನ್ನು ವ್ಯಾಕರಣವೇ ಗುರುತಿಸುವ ಬಗೆಯನ್ನು ಸ್ಕಾಟ್ ಡಿಲಾನ್ಸಿ 1997ರಲ್ಲಿ ಪ್ರತ್ಯೇಕ ವ್ಯಾಕರಣವರ್ಗವಾಗಿ ಚರ್ಚೆಗೆ ತಂದರು. ಕನ್ನಡದಲ್ಲಿ ಆ ಕೆಲಸವನ್ನು ಮಾಡುವುದು ಕ್ರಿಯಾಪದದ ಕೊನೆಗೆ ಸೇರುವ 'ಅಲ್ಲಾ'. 'ಬಂದ' ಎಂದರೆ ಸುದ್ದಿ, 'ಬಂದನಲ್ಲಾ!' ಎಂದರೆ ಬೆರಗು. ನಿಷೇಧಾರ್ಥದ 'ಅಲ್ಲ' ಇಲ್ಲಿ ಏನನ್ನೂ ನಿಷೇಧಿಸುತ್ತಿಲ್ಲ. ಆಗದೆಂದು ಎಣಿಸಿದ್ದು ಆಗಿಹೋಯಿತೆಂಬುದನ್ನು ಸೂಚಿಸುತ್ತದೆ. ತಮಿಳಿನಲ್ಲಿ ಇದೇ ಕೆಲಸಕ್ಕೆ 'ಏ' ಇದೆ: 'ವಂದುಟ್ಟಾನೇ!' ತಮಿಳಿನ ಆಡುಮಾತಿನ ಕೊನೆಯಲ್ಲಿ ಬರುವ 'ಲ' ಕನ್ನಡದ 'ಅಲ್ಲಾ'ವನ್ನು ಹೋಲಿದರೂ ಅದು ಬಹುಮಟ್ಟಿಗೆ ಕೇಳುಗನ ಒಪ್ಪಿಗೆಯನ್ನು ಬಯಸುತ್ತದೆ, ಬೆರಗನ್ನಲ್ಲ. ಕನ್ನಡದಲ್ಲಿಯೂ 'ಏ' ಉಂಟು. ಆದರೆ ಅದು 'ಬಂದೇ ಬಿಟ್ಟ' ಎಂಬಲ್ಲಿಯಂತೆ ಮಾತಿನ ನಡುವೆ ಒತ್ತನ್ನು ತರುತ್ತದೆ, ವಾಕ್ಯದ ತುದಿಯಲ್ಲಿ ನಿಂತು ಬೆರಗನ್ನು ಹೊರುವುದಿಲ್ಲ.

ಉಡುಮಲೈಪೇಟೆಯ ದಕ್ಷಿಣದಲ್ಲಿ 1957ರಲ್ಲಿ ಕಟ್ಟಿದ ಅಮರಾವತಿ ಅಣೆಕಟ್ಟು ಒಂದು ಮಳೆಗಾಲದಲ್ಲಿ ತುಂಬಿತೆಂದು ಇಟ್ಟುಕೊಳ್ಳೋಣ. 'ಅಡೇಂಗಪ್ಪಾ, ಅಣೆ ತುಂಬಿಬಿಡ್ತಲ್ಲಾ!' ಎಂದು ಒಬ್ಬರೂ, 'ಅಬ್ಬಾ, ಅಣೈ ನೆರಞ್ಜಿರುಚ್ಚೇ!' ಎಂದು ಇನ್ನೊಬ್ಬರೂ ಹೇಳಿದರೆ, ಮೊದಲನೆಯದು ಕನ್ನಡ, ಎರಡನೆಯದು ತಮಿಳು. ತಲೆಯ ಮಾತನ್ನಷ್ಟೇ ಬರೆದುಕೊಂಡ ಸಮೀಕ್ಷಕನ ಪಟ್ಟಿಯಲ್ಲಿ ಇವೆರಡೂ ತಲೆಕೆಳಗಾಗಿರುತ್ತವೆ.

7. ದಾಖಲೆಯ ಹೊಣೆ

ಇದು ಕೇವಲ ವ್ಯಾಕರಣದ ಸೂಕ್ಷ್ಮವಲ್ಲ. ಜನಗಣತಿಯಲ್ಲಿ ತಾಯ್ನುಡಿಯ ಅಂಕಣದಲ್ಲಿ ಏನನ್ನು ಬರೆಸಬೇಕೆಂಬುದನ್ನು ಒಂದು ಮನೆಯವರು ತಮ್ಮ ನುಡಿಯನ್ನು ಕುರಿತು ತಾವು ಕೇಳಿಕೊಂಡು ಬಂದ ಮಾತಿನ ಆಧಾರದ ಮೇಲೆ ನಿರ್ಧರಿಸುತ್ತಾರೆ. ನಿಮ್ಮದು ಕನ್ನಡವೇ ಅಲ್ಲ ಎಂದು ಕನ್ನಡದವರಿಂದಲೇ ಕೇಳಿಸಿಕೊಂಡವರು ಆ ಅಂಕಣದಲ್ಲಿ ತಮಿಳೆಂದು ಬರೆಸಿದರೆ ಅವರನ್ನು ದೂರುವಂತಿಲ್ಲ. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ನುಡಿಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆನ್ನುತ್ತದೆ. 2006ರ ತಮಿಳು ಕಲಿಕೆ ಕಾಯಿದೆ ತಮಿಳನ್ನು ತಮಿಳುನಾಡಿನ ಶಾಲೆಗಳಲ್ಲಿ ಹಂತಹಂತವಾಗಿ ಕಡ್ಡಾಯಗೊಳಿಸಿತು. ಇವೆರಡರ ನಡುವೆ ನಿಂತ ಸಮುದಾಯಕ್ಕೆ ತನ್ನ ನುಡಿ ಇದೆಯೆಂದು ತೋರಿಸಲು ಆಧಾರ ಬೇಕು. ಆ ಆಧಾರವನ್ನು ಒದಗಿಸತಕ್ಕ ಸಂಶೋಧಕನ ಕಿವಿ ತಪ್ಪಿದರೆ ನಷ್ಟ ಅವನದಲ್ಲ.

ಆದುದರಿಂದ ಕ್ಷೇತ್ರಕಾರ್ಯದಲ್ಲಿ ಕೆಲವು ಎಚ್ಚರಗಳು ಅಗತ್ಯ. ಮಾರಿಸ್ ಸ್ವಾದೇಶರ ಪದಪಟ್ಟಿಗಳಲ್ಲಿ ಉದ್ಗಾರಗಳಿಗೆ ಸ್ಥಾನವಿಲ್ಲ. ಅಂತಹ ಪಟ್ಟಿಯನ್ನಷ್ಟೇ ತುಂಬಿಸಿಕೊಂಡು ಬಂದರೆ ಬೆರಗು ಪೂರ್ತಿಯಾಗಿ ಹೊರಗುಳಿಯುತ್ತದೆ. ಹಾಗೆಂದು ಉದ್ಗಾರಗಳನ್ನಷ್ಟೇ ಪಟ್ಟಿ ಮಾಡಿದರೂ ಸಾಲದು. ಉದ್ಗಾರದಿಂದ ಕ್ರಿಯಾಪದದ ತುದಿಯ ತನಕ ಇಡೀ ಮಾತನ್ನು ಧ್ವನಿಮುದ್ರಿಸಬೇಕು. ಯಾರು ಯಾರೊಡನೆ ಆಡಿದ ಮಾತು, 'ಏನೋ ಇದು', 'ಏನವ್ವಾ ಇದು', 'ಏನ್ರೀ ಇದು' ಎಂಬವುಗಳಲ್ಲಿ ಯಾವುದು ಯಾರಿಗೆ ಸಂದಿತು ಎಂಬುದನ್ನು ಬರೆದುಕೊಳ್ಳಬೇಕು. ಹೊಸತು, ಹಿರಿದು, ಕಿರಿದು, ಮಾರ್ಪಾಟು ಎಂಬ ನಾಲ್ಕರಲ್ಲಿ ಬೆರಗಿನ ನೆಲೆ ಯಾವುದೆಂದು ಗುರುತಿಸಬೇಕು. ಅಜ್ಜಿ, ತಾಯಿ, ಮೊಮ್ಮಗಳು ಎಂಬ ಮೂರು ತಲೆಮಾರುಗಳ ಮಾತನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಬೇಕು.

ನಿಜವಾದ ಎಚ್ಚರಿಕೆಯ ಗಂಟೆ ಬಾರಿಸುವುದು 'ಅಡೇಂಗಪ್ಪಾ' ಕೇಳಿಸಿದಾಗಲ್ಲ. 'ತುಂಬಿಬಿಡ್ತಲ್ಲಾ' ಎನ್ನಬೇಕಾದಲ್ಲಿ ಮೊಮ್ಮಗಳು 'ತುಂಬಿಬಿಡ್ತೇ' ಎಂದಾಗ. ಆಗ ಶಬ್ದವಲ್ಲ, ವಾಕ್ಯದ ಕಟ್ಟೇ ಕದಲಿದೆಯೆಂದು ತಿಳಿಯಬೇಕು. ಅಲ್ಲಿಯ ತನಕ ಆ ಮನೆಯ ಕನ್ನಡವನ್ನು ಕನ್ನಡವೆಂದೇ ಬರೆದುಕೊಳ್ಳುವುದು ನ್ಯಾಯ.